ತೆರಿಗೆಯಿಲ್ಲದ ಬಡ್ಡಿ ಮತ್ತು ಆಗದ ಹೇರ್‌ಕಟ್ಟು

ಗಂಡಂದಿರಲ್ಲಿ ಎರಡು ಬಗೆ. ಮಾಡಬಾರದ್ದನ್ನು ಮಾಡಿ ಹೆಂಡತಿಯಿಂದ ಮುಚ್ಚಿಡುವವರದು ಮೊದಲನೆಯ ಬಗೆ. ಇವರ ಕಷ್ಟ ಎಲ್ಲರಿಗೂ ಅರ್ಥವಾಗುತ್ತದೆ. ಸಿಕ್ಕಿಬಿದ್ದಾಗ ನಾಲ್ಕು ಜನ ಬೈದರೂ ಅವರಲ್ಲಿ ಇಬ್ಬರಾದರೂ ಒಳಗೊಳಗೇ ಅಯ್ಯೋ ಪಾಪ ಎನ್ನುತ್ತಾರೆ. ಒಳ್ಳೆಯ ಕೆಲಸ ಮಾಡಿ ಅದನ್ನು ಮುಚ್ಚಿಡುವವರದು ಎರಡನೆಯ ಬಗೆ. ಇವರಿಗೆ ಆ ಅಯ್ಯೋ ಪಾಪವೂ ದಕ್ಕುವುದಿಲ್ಲ. ಒಳ್ಳೆಯದೇ ಆಗಿದ್ದರೆ ಹೇಳುವುದಕ್ಕೇನು ಧಾಡಿಯಾಗಿತ್ತು ಎಂದು ಎಲ್ಲರೂ ಕೇಳುತ್ತಾರೆ, ಇವರು ತಲೆ ಕೆರೆದುಕೊಳ್ಳುತ್ತಾರೆ. ನಾನು ಈ ಎರಡನೆಯ ಗುಂಪಿನವನು. ಮೂರು ವರ್ಷ ಒಂದು ಒಳ್ಳೆಯ ಕೆಲಸವನ್ನು ಕದ್ದ ಮಾಲಿನ ಹಾಗೆ ಬಚ್ಚಿಟ್ಟುಕೊಂಡು ನೈರೋಬಿಯಲ್ಲಿ ಓಡಾಡಿದ್ದೇನೆ. ಆ ಒಳ್ಳೆಯ ಕೆಲಸ ಯಾವುದೆಂದರೆ, ಕೀನ್ಯಾ ಸರ್ಕಾರದ ಒಂದು ಬಾಂಡು ಕೊಂಡದ್ದು. ರಸ್ತೆ, ನೀರು, ವಿದ್ಯುತ್ತು ಎಂದು ಸರ್ಕಾರ ನಮ್ಮಂಥವರಿಂದ ಸಾಲ ಎತ್ತುತ್ತದಲ್ಲ, ಅದು. ಆರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ, ಆ ಬಡ್ಡಿಗೆ ತೆರಿಗೆಯಿಲ್ಲ. ಸರ್ಕಾರವೇ ಬೇಡವೆಂದ ತೆರಿಗೆಯನ್ನು ನಾನು ಹೇಗೆ ಕಟ್ಟಿದೆ ಎಂಬುದೇ ಈ ಕಥೆ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಮೈಸೂರಿನವನು. ಮೊಂಬಾಸಾ ರಸ್ತೆಯ ಕಡೆಯ ಒಂದು ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದ ಮ್ಯಾನೇಜರು. ಹದಿನೆಂಟು ವರ್ಷದಿಂದ ಸೌತ್ ಸಿ ಎಂಬ ಬಡಾವಣೆಯಲ್ಲಿ ಮನೆ. ಔಷಧಿ ಕಾರ್ಖಾನೆಯಲ್ಲಿ ಮಾತ್ರೆಗಿಂತ ಹೆಚ್ಚು ತಯಾರಾಗುವುದು ಕಾಗದ. ಯಂತ್ರ ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಗಂಟೆಗೆ ನಿಂತಿತು, ಎಷ್ಟು ಮಾತ್ರೆ ಒಡೆದವು, ಎಲ್ಲವನ್ನೂ ಬರೆಯಬೇಕು. ಬರೆಯದಿದ್ದರೆ ಅದು ನಡೆದೇ ಇಲ್ಲ ಎಂದು ಲೆಕ್ಕ. ಮೊನ್ನೆ ಜೂನ್ ತಿಂಗಳಲ್ಲಿ ಒಂದು ಶುಕ್ರವಾರ, ನನ್ನ ವಿಭಾಗದ ಆಪರೇಟರ್ ಒಟಿಯೆನೊ ಒಂದು ಕಾಲಮ್ಮನ್ನು ಖಾಲಿ ಬಿಟ್ಟಿದ್ದ. ಯಾಕಯ್ಯಾ ಎಂದರೆ, "ಒಂದೂ ಒಡೆದಿಲ್ಲ ಬಾಸ್, ಸೊನ್ನೆ. ಅದಕ್ಕೇ ಬರೆಯಲಿಲ್ಲ" ಎಂದ. ನಾನು ಅವನನ್ನು ನಿಲ್ಲಿಸಿಕೊಂಡು ಹತ್ತು ನಿಮಿಷ ಉಪದೇಶ ಮಾಡಿದೆ. ಸೊನ್ನೆಯಾದರೂ ಬರೆಯಬೇಕು, ಖಾಲಿ ಬಿಟ್ಟರೆ ನೋಡುವವನಿಗೆ ನೀನು ಮರೆತೆಯೋ ಮುಚ್ಚಿಟ್ಟೆಯೋ ಹೇಗೆ ಗೊತ್ತಾಗಬೇಕು ಎಂದು ಕೇಳಿದೆ. ಅವನು "ಸವಾ, ಬಾಸ್" ಎಂದು ಒಪ್ಪಿಕೊಂಡು ಸೊನ್ನೆ ಬರೆದ. ಆ ದಿನ ನನ್ನ ಮಾತಿಗೆ ನಾನೇ ತಲೆದೂಗಿಕೊಂಡು ಮನೆಗೆ ಹೋದೆ. ಎಷ್ಟು ನಾಚಿಕೆಯಿಲ್ಲದ ಮನುಷ್ಯ ನಾನು ಎಂದು ಮಾರನೆಯ ದಿನ ಗೊತ್ತಾಯಿತು.

ಬಾಂಡಿನ ಕಥೆಗೆ ಬರುವ ಮುಂಚೆ ಹಕ್ಕಿಯ ಕಥೆ ಹೇಳಲೇಬೇಕು, ಇಲ್ಲದಿದ್ದರೆ ನಾನು ಯಾಕೆ ಮುಚ್ಚಿಟ್ಟೆ ಎಂಬುದು ತಿಳಿಯುವುದಿಲ್ಲ. ಸುಮಾರು ಹನ್ನೆರಡು ವರ್ಷದ ಹಿಂದೆ ನೈರೋಬಿಗೆ ಒಂದು ಹುಚ್ಚು ಹಿಡಿದಿತ್ತು. ಇಲ್ಲಿಯವರು ಕ್ವಾರೆ ಎನ್ನುವ ಹಕ್ಕಿ, ನಮ್ಮ ಲಾವಕ್ಕಿ. ಅದರ ಮೊಟ್ಟೆ ತಿಂದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಎಲ್ಲ ಹೋಗುತ್ತದೆ ಎಂದು ಯಾರೋ ಹಬ್ಬಿಸಿದರು. ಗೋಲಿಗಿಂತ ಸ್ವಲ್ಪ ದೊಡ್ಡದಾದ ಮೊಟ್ಟೆಗೆ ಕೋಳಿಮೊಟ್ಟೆಯ ಹಲವು ಪಟ್ಟು ಬೆಲೆ. ನಮ್ಮ ಕಾರ್ಖಾನೆಯ ಕ್ವಾಲಿಟಿ ಕಂಟ್ರೋಲಿನಲ್ಲಿ ಪ್ರಭು ಎಂಬುವರಿದ್ದಾರೆ, ಮಂಗಳೂರಿನ ಕಡೆಯವರು. ಅವರು ಒಂದು ದಿನ ಊಟದ ಹೊತ್ತಿನಲ್ಲಿ ನನ್ನ ಡಬ್ಬಿಯ ಪಕ್ಕ ತಮ್ಮ ಡಬ್ಬಿ ತಂದಿಟ್ಟು, "ಹಕ್ಕಿ ಸಾಕುವ ಮಾರಾಯ್ರೆ. ಕಿಟೆಂಗೆಲಾದಲ್ಲಿ ಶೆಡ್ ಉಂಟು. ಆರೇ ತಿಂಗಳಲ್ಲಿ ದುಡ್ಡು ಡಬಲ್" ಎಂದರು. ನಾನು ಮೊಟ್ಟೆ ಮುಟ್ಟದ ಮನೆಯವನು, ಹಕ್ಕಿಯ ಹಿಂದುಮುಂದು ಗೊತ್ತಿಲ್ಲದವನು. ಆದರೆ ಡಬಲ್ ಎಂಬ ಮಾತಿಗೆ ಮಡಿ ಮೈಲಿಗೆ ಇಲ್ಲವಲ್ಲ. ಇನ್ನೂರ ನಲವತ್ತು ಹಕ್ಕಿ ಕೊಂಡೆವು. ನಾವು ಕೊಂಡ ವಾರದಲ್ಲೇ ಇಡೀ ನೈರೋಬಿ ಕೊಂಡಿತು. ಎರಡೇ ತಿಂಗಳಲ್ಲಿ ಮೊಟ್ಟೆ ಮಾರುವವರೇ ಎಲ್ಲರೂ, ಕೊಳ್ಳುವವರು ಯಾರೂ ಇಲ್ಲ. ನಮ್ಮ ಸಸ್ಯಾಹಾರಿ ಅಡುಗೆಮನೆಯಲ್ಲಿ ಟ್ರೇಗಟ್ಟಲೆ ಮೊಟ್ಟೆ ಬಂದು ಕೂತವು. ಗೇಟಿನ ಕಾವಲುಗಾರನಿಗೆ ದಿನಾ ಕೊಟ್ಟೆವು. ಮೂರನೆಯ ವಾರ ಅವನೂ ಎರಡು ಕೈ ಜೋಡಿಸಿ "ಹಪಾನಾ, ಅಸಾಂಟೆ", ಬೇಡ, ಥ್ಯಾಂಕ್ಸ್ ಎಂದುಬಿಟ್ಟ.

ನಗುವ ವಿಷಯವೇ. ಆದರೆ ಆ ಹಕ್ಕಿಗಳಿಗೆ ಹಾಕಿದ ದುಡ್ಡು ನನ್ನದಾಗಿರಲಿಲ್ಲ. ನನ್ನ ಹೆಂಡತಿ ವಾರಿಜಾ ವೆಸ್ಟ್‌ಲ್ಯಾಂಡ್ಸಿನ ಒಂದು ಶಾಲೆಯಲ್ಲಿ ಗಣಿತದ ಟೀಚರು. ನನಗೆ ಕಂಪನಿಯ ಕಾರಿದೆ. ಅವಳಿಗೆ ಸೌತ್ ಸಿಯಿಂದ ಪೇಟೆಗೆ ಒಂದು ಮಟಾಟು, ಪೇಟೆಯಿಂದ ವೆಸ್ಟ್‌ಲ್ಯಾಂಡ್ಸಿಗೆ ಇನ್ನೊಂದು. ಆ ವ್ಯಾನುಗಳಲ್ಲಿ ಹಾಡಿನ ಅಬ್ಬರಕ್ಕೆ ಕಿಟಕಿಯ ಗಾಜು ಅದುರುತ್ತದೆ, ಹದಿನಾಲ್ಕು ಜನರ ಜಾಗದಲ್ಲಿ ಎಷ್ಟು ಜನವಾದರೂ ಹಿಡಿಸುತ್ತಾರೆ. ಅವಳು ಶನಿವಾರ ಭಾನುವಾರ ಮಕ್ಕಳಿಗೆ ಟ್ಯೂಷನ್ ಹೇಳಿ, ಡ್ರೈವಿಂಗ್ ಕಲಿತು, ಲೈಸೆನ್ಸ್ ತೆಗೆದು, ಜಪಾನಿನಿಂದ ಬರುವ ಸೆಕೆಂಡ್‌ಹ್ಯಾಂಡ್ ಪುಟ್ಟ ಕಾರಿಗೆ ಎಂದು ಕೂಡಿಟ್ಟ ದುಡ್ಡು ಅದು. ಆರೇ ತಿಂಗಳು, ಆಮೇಲೆ ಎರಡು ಕಾರು ಕೊಳ್ಳೋಣ ಎಂದು ಹೇಳಿ ನಾನು ಅದನ್ನು ಇಸಿದುಕೊಂಡಿದ್ದೆ. ಎಲ್ಲ ಮುಗಿದ ದಿನ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನು ತಿರುಗಿ ಕೂಗಾಡಿ ಹಗುರಾಗುತ್ತಿದ್ದೆ. ಉಳಿದ ಮೊಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬಿ ಹೊರಗಿಟ್ಟು ಬಂದು, "ಇನ್ಮೇಲೆ ಏನ್ ಮಾಡೋದಿದ್ರೂ ನಂಗೊಂದ್ ಮಾತು ಹೇಳ್ಬಿಟ್ ಮಾಡಿ. ಬೇಡ ಅನ್ನಲ್ಲ ನಾನು. ಹೇಳಿ, ಅಷ್ಟೇ" ಎಂದಳು. ನಾನು ದೇವರ ಮನೆಯ ಮುಂದೆ ನಿಂತು ಆಗಲಿ ಎಂದೆ. ಮಾರನೆಯ ದಿನ ಆರೂವರೆಗೆ ಅವಳು ಮಟಾಟು ಸ್ಟೇಜಿಗೆ ಹೋದಳು. ಕಾರಿನ ಮಾತನ್ನು ಮತ್ತೆ ಎತ್ತಲೇ ಇಲ್ಲ.

ಆಮೇಲೆ ಮಗಳು ಪೂರ್ವಿಯ ಫೀಸು, ಊರಿಗೆ ಹೋಗಿ ಬರುವ ಖರ್ಚು, ಅದು ಇದು ಎಂದು ವರ್ಷಗಳು ಕಳೆದವು. ಮೂರು ವರ್ಷದ ಹಿಂದೆ ಕಾರ್ಖಾನೆಯಲ್ಲಿ ನಿರೀಕ್ಷೆಯಿಲ್ಲದ ಒಂದು ದೊಡ್ಡ ಬೋನಸ್ ಬಂತು. ಈ ದುಡ್ಡನ್ನು ಎಲ್ಲಾದರೂ ಭದ್ರವಾಗಿ ಹಾಕಬೇಕು, ಬಡ್ಡಿ ಕೂಡಿಸಿ ವಾರಿಜಾಳ ಕಾರು ತಂದು ಗೇಟಿನ ಒಳಗೆ ನಿಲ್ಲಿಸಬೇಕು, ಅವಳ ಬಾಯಿಂದ ಒಂದು ಮಾತೂ ಹೊರಡದ ಹಾಗೆ ಮಾಡಬೇಕು ಎಂದು ಆಸೆಯಾಯಿತು. ಬಾಂಡಿನ ದಾರಿ ತೋರಿಸಿದವರು ಯಾರು ಅಂದುಕೊಂಡಿರಿ? ಅದೇ ಪ್ರಭು. ಪಾಪ, ಈ ಸಲ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಮನೆಯಲ್ಲಿ ಹೋಗಿ "ಪ್ರಭು ಒಂದು ಐಡಿಯಾ ಕೊಟ್ಟಿದ್ದಾರೆ" ಎಂದು ಬಾಯಿ ಬಿಡುವ ಧೈರ್ಯ ಯಾರಿಗಿದೆ? ಹಕ್ಕಿಯಾದ ಮೇಲೆ ನಮ್ಮ ಮನೆಯಲ್ಲಿ ಪ್ರಭುಗಳ ಹೆಸರು ಹೇಳಿದರೆ ವಾರಿಜಾ ಒಗ್ಗರಣೆಗೆ ಇಂಗು ಜಾಸ್ತಿ ಹಾಕುತ್ತಾಳೆ. ಹೀಗಾಗಿ ಹೇಳಲಿಲ್ಲ. ಹೇಳದೆ ಕೊಂಡೆ. ದೇವರ ಮನೆಯ ಮುಂದೆ ಕೊಟ್ಟ ಮಾತು ಕಷ್ಟದ ಕೆಲಸಗಳಿಗೆ ಮಾತ್ರ, ಖುಷಿಯ ಕೆಲಸಗಳಿಗೆ ಅನ್ವಯಿಸುವುದಿಲ್ಲ ಎಂದು ನನಗೆ ನಾನೇ ತಿದ್ದುಪಡಿ ಮಾಡಿಕೊಂಡೆ.

ಈಗ ತೆರಿಗೆಯ ಸಂಗತಿ. ಇಲ್ಲಿ ಪ್ರತಿಯೊಬ್ಬರೂ ಹಿಂದಿನ ವರ್ಷದ ಆದಾಯದ ವಿವರವನ್ನು ಜೂನ್ ಮುಗಿಯುವುದರೊಳಗೆ ಕಂಪ್ಯೂಟರಿನಲ್ಲಿ ತುಂಬಬೇಕು. ಸಂಬಳದ ತೆರಿಗೆಯನ್ನು ಕಂಪನಿಯೇ ಹಿಡಿದುಕೊಂಡಿರುತ್ತದೆ, ಆದರೂ ತುಂಬಬೇಕು. ತೆರಿಗೆಯಿಲ್ಲದ ಆದಾಯವಿದ್ದರೆ ಅದನ್ನೂ ತೋರಿಸಬೇಕೋ ಬೇಡವೋ ಎಂಬುದರಲ್ಲಿ ನೈರೋಬಿಯ ಕನ್ನಡಿಗರಲ್ಲಿ ಎರಡು ಪಂಗಡ. ಯುಗಾದಿಯ ಊಟದ ಪಂಕ್ತಿಯಲ್ಲಿ ಈ ಚರ್ಚೆ ಶುರುವಾದರೆ ಒಬ್ಬಟ್ಟು ತಣ್ಣಗಾಗುತ್ತದೆ. ಪ್ರಭುಗಳದು ತೋರಿಸಬೇಡ ಪಂಗಡ. "ಟ್ಯಾಕ್ಸೇ ಇಲ್ಲ ಅಂದ ಮೇಲೆ ಹೇಳ್ಲಿಕ್ಕೆ ಎಂತ ಉಂಟು? ಕೇಳದವನ ಹತ್ರ ಹೋಗಿ ನನ್ನ ಕಿಸೆಯಲ್ಲಿ ಇಷ್ಟುಂಟು ಅಂತ ಹೇಳುದಾ?" ಎನ್ನುತ್ತಾರೆ. ನನಗೂ ಅದೇ ನ್ಯಾಯವಾಗಿ ಕಂಡಿತು. ಯಾಕೆಂದರೆ ನಮ್ಮ ಮನೆಯಲ್ಲಿ ವಿವರ ತುಂಬುವವಳು ವಾರಿಜಾ. ಮೊದಲ ವರ್ಷ ನಾನು ತುಂಬಿದ್ದೆ, ಒಂದು ಸೊನ್ನೆ ಹೆಚ್ಚು ಒತ್ತಿ ಕಾರ್ಖಾನೆಯ ಮಾಲೀಕರಿಗಿಂತ ಜಾಸ್ತಿ ಸಂಬಳದವನಾಗಿಬಿಟ್ಟಿದ್ದೆ. ಅದನ್ನು ಸರಿಪಡಿಸಲು ನಾಲ್ಕು ತಿಂಗಳು ಬೇಕಾಯಿತು. ಅಂದಿನಿಂದ ಪ್ರತಿ ಜೂನ್‌ನಲ್ಲಿ ಒಂದು ಭಾನುವಾರ ಅವಳು ಊಟದ ಮೇಜು ಒರೆಸಿ, ಇಬ್ಬರ ಫೈಲು ಹರಡಿಕೊಂಡು, ಇಬ್ಬರದೂ ತುಂಬಿ, ರಸೀದಿ ತೆಗೆದು ಫೈಲಿಗೆ ಹಾಕುತ್ತಾಳೆ. ನನ್ನ ಪಾಲಿನ ಕೆಲಸ ಕಾಫಿ ಮಾಡುವುದು. ನನ್ನ ರಸೀದಿಯನ್ನು ನಾನು ಒಂದು ಸಲವೂ ಬಿಚ್ಚಿ ಓದಿದವನಲ್ಲ.

ಎರಡು ಜೂನ್ ಹೀಗೆಯೇ ಕಾಫಿ ಮಾಡಿ ದಾಟಿದೆ. ಮೂರನೆಯದಕ್ಕೆ ಗ್ರಹಚಾರ ಪ್ರಭುಗಳ ರೂಪದಲ್ಲಿ ಬಂತು. ಒಟಿಯೆನೊನಿಗೆ ಉಪದೇಶ ಮಾಡಿದ ಅದೇ ಶುಕ್ರವಾರ ಸಾಯಂಕಾಲ ಅವರು ಬಂದು ನನ್ನ ಮೇಜಿಗೆ ಒರಗಿ, ಮೆಲ್ಲಗೆ, "ಈ ಸಲ ಹಾಗಲ್ಲವಂತೆ ಮಾರಾಯ್ರೆ. ಬ್ಯಾಂಕಿನವರ ಲೆಕ್ಕ, ನಮ್ಮ ಲೆಕ್ಕ ಎರಡನ್ನೂ ಕಂಪ್ಯೂಟರೇ ಹೋಲಿಸಿ ನೋಡ್ತದಂತೆ. ತಾಳೆ ಆಗದಿದ್ರೆ ಸೀದಾ ನೋಟೀಸು. ನಾನು ಮೊನ್ನೆಯೇ ಎಲ್ಲ ತೋರ್ಸಿಬಿಟ್ಟೆ" ಎಂದರು. ಕೇಳಿ ನನಗೆ ಭಯವಾಯಿತು. ಸರ್ಕಾರದ ಭಯವಲ್ಲ ಅದು. ತೆರಿಗೆಯಿಲ್ಲದ ದುಡ್ಡಿಗೆ ಸರ್ಕಾರ ಏನು ಮಾಡೀತು? ನೋಟೀಸು ಬರುವುದು ಈಮೇಲಿಗೆ, ಆ ಈಮೇಲು ತೆರೆಯುವವಳು ವಾರಿಜಾ. ಬಡ್ಡಿ ಎಲ್ಲಿಂದ ಬಂತು ಎಂದು ಅವಳು ನೋಟೀಸಿನಲ್ಲಿ ಓದಿ ತಿಳಿದುಕೊಂಡರೆ, ಕಾರು ತರುವ ಮೊದಲೇ ನಾನು ಎರಡನೆಯ ಸಲ ಮಾತು ಮುರಿದವನಾಗುತ್ತೇನೆ. ಒಂದು ಸಲ ಅವಳು ನುಂಗಿಕೊಂಡಿದ್ದಾಳೆ. ಎರಡನೆಯ ಸಲ ನುಂಗುತ್ತಾಳೆಂಬ ನಂಬಿಕೆ ನನಗಿರಲಿಲ್ಲ. ಅವಳು ಫೈಲು ಹರಡುವ ಭಾನುವಾರಕ್ಕೆ ಉಳಿದದ್ದು ಒಂದೇ ದಿನ. ಅಷ್ಟರೊಳಗೆ ನಾನೇ ಹೋಗಿ ಹಳೆಯ ಎರಡು ವರ್ಷದ್ದನ್ನು ತಿದ್ದಿಸಿ, ಈ ವರ್ಷದ್ದನ್ನು ತುಂಬಿಸಿ ಬಂದುಬಿಡಬೇಕು ಎಂದು ನಿರ್ಧರಿಸಿದೆ. ಭಾನುವಾರ ಅವಳಿಗೆ, ಕಂಪನಿಯವರೇ ತುಂಬಿಸಿಬಿಟ್ಟರು ಎಂದು ಏನೋ ಒಂದು ಹೇಳಿದರಾಯಿತು.

ಶನಿವಾರ ತಿಂಡಿ ಮುಗಿಸಿ, ಹೇರ್‌ಕಟ್ ಮಾಡಿಸಿಕೊಂಡು ಬರುತ್ತೇನೆ ಎಂದು ಹೊರಟೆ. ತಲೆಯ ಮೇಲೆ ಕೂದಲು ಅಷ್ಟಿಷ್ಟು ಉಳಿದಿರುವವನ ಬಾಯಲ್ಲಿ ಈ ನೆಪ ಅಷ್ಟು ಬಲವಾದದ್ದಲ್ಲ. ವಾರಿಜಾ ಉತ್ತರಪತ್ರಿಕೆ ತಿದ್ದುತ್ತಿದ್ದವಳು ತಲೆಯೆತ್ತಿ ನನ್ನ ನೆತ್ತಿಯನ್ನು ಒಂದು ಕ್ಷಣ ನೋಡಿ, "ಸ್ವೆಟರ್ ಹಾಕ್ಕೊಂಡ್ ಹೋಗಿ, ಚಳಿ ಇದೆ" ಎಂದಳು. ಹೋಗುವ ಮುಂಚೆ ಪಾಸ್‌ವರ್ಡ್ ಬೇಕಿತ್ತು. ನಮ್ಮ ಮನೆಯ ಎಲ್ಲ ಪಾಸ್‌ವರ್ಡುಗಳೂ ಅಡುಗೆಮನೆಯ ಕ್ಯಾಲೆಂಡರಿನ ಬೆನ್ನ ಮೇಲಿರುತ್ತವೆ. ಊರಿನಿಂದ ಯಾರಾದರೂ ತಂದುಕೊಡುವ ಪಂಚಾಂಗದ ಕ್ಯಾಲೆಂಡರು ಅದು, ಹೊಸದು ಬಂದಾಗ ವಾರಿಜಾ ಹಿಂಬದಿಯನ್ನೂ ಹೊಸದಾಗಿ ಬರೆಯುತ್ತಾಳೆ. ನೀರು ಕುಡಿಯುವ ನೆಪದಲ್ಲಿ ಹೋಗಿ ಅದನ್ನು ತಿರುಗಿಸಿದೆ. ನನ್ನ ಹೆಸರಿನ ಮುಂದೆ, ತೆರಿಗೆ ಎಂದು ಬರೆದು, ಇಂಗ್ಲಿಷ್ ಅಕ್ಷರದಲ್ಲಿ ಹೀಗಿತ್ತು: ಕ್ವಾರೆ, ಅದರ ಪಕ್ಕ ಇನ್ನೂರ ನಲವತ್ತು, ಕೊನೆಯಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ. ನಾನು ಲೋಟ ಹಿಡಿದುಕೊಂಡು ಹಾಗೇ ನಿಂತೆ. ಅಂದರೆ ಪ್ರತಿ ವರ್ಷ ನನ್ನ ಹೆಸರಿನ ಬಾಗಿಲು ತೆರೆಯುವಾಗ ಅವಳು ಆ ಹಕ್ಕಿಗಳನ್ನು ಎಣಿಸಿಕೊಂಡೇ ಒಳಗೆ ಹೋಗುತ್ತಾಳೆ. ಹನ್ನೆರಡು ವರ್ಷ ಆ ಬಗ್ಗೆ ಒಂದು ಮಾತಾಡಿದವಳಲ್ಲ. ಅವಳು ಹೇಳಬೇಕೆಂದಿದ್ದದ್ದೆಲ್ಲ ಆ ಕೊನೆಯ ಚಿಹ್ನೆಯಲ್ಲಿತ್ತು.

ಇಂಥ ಕೆಲಸಗಳಿಗೆ ನೈರೋಬಿಯಲ್ಲಿ ಜನ ಹೋಗುವುದು ಸೈಬರಿಗೆ. ನಾಲ್ಕು ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ, ಪಾಸ್‌ಪೋರ್ಟ್ ಫೋಟೋಗೆ ನೀಲಿ ಪರದೆ ಇರುವ ಅಂಗಡಿ. ಸೌತ್ ಸಿಯ ಸೈಬರಿಗೆ ಹೋದರೆ ಯಾರಾದರೂ ನಮ್ಮವರು ಕಂಡಾರೆಂದು ನ್ಗಾರಾಕ್ಕೆ ಹೋದೆ. ಅಲ್ಲಿನ ಹಳೆಯ ಗುಜರಾತಿ ಅಂಗಡಿಗಳ ಸಾಲಿನ ಹಿಂದೆ ಒಂದು ಸೈಬರಿದೆ. ನಡೆಸುವವಳು ಮಾಮಾ ಶೀರೊ, ಅಂದರೆ ಶೀರೊ ಎಂಬ ಹುಡುಗಿಯ ತಾಯಿ. ಇಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವುದು ಹಾಗೆ. ಮೂಗಿನ ತುದಿಗೆ ಕನ್ನಡಕ, ಹೆಗಲ ಮೇಲೆ ದಪ್ಪ ಶಾಲು, ಒಂದು ಕಣ್ಣು ಕಂಪ್ಯೂಟರಿನ ಮೇಲೆ, ಇನ್ನೊಂದು ಬಾಗಿಲ ಮೇಲೆ. ಜೂನ್ ಕೊನೆಯಾದ್ದರಿಂದ ನನ್ನ ಮುಂದೆ ಆರು ಜನ ಬೆಂಚಿನ ಮೇಲಿದ್ದರು. ಕೊನೆಗೆ ನನ್ನ ಸರದಿ ಬಂತು. "ಕರಿಬು, ಮ್ಜೇ" ಎಂದು, ಬನ್ನಿ ಯಜಮಾನರೇ ಎನ್ನುವ ಹಾಗೆ ಕರೆದು, "ಪಾಸ್‌ವರ್ಡ್?" ಎಂದಳು. ಬರೆದುಕೊಂಡ ಚೀಟಿಯನ್ನು ಕೊಡಬಾರದಿತ್ತೇ? ಅವಳ ಕನ್ನಡಕ ನೋಡಿ ಕಾಣಿಸುವುದಿಲ್ಲವೇನೋ ಎಂದು ನಾನೇ ಓದಿಬಿಟ್ಟೆ. ಕ್ವಾರೆ ಇನ್ನೂರ ನಲವತ್ತು ಎಂದದ್ದೇ ತಡ, ಅವಳ ಬೆರಳು ನಿಂತಿತು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ ಮ್ಜೇ, ನೀನೂನಾ?" ಎಂದು ಶಾಲಿನಲ್ಲಿ ಮುಖ ಮುಚ್ಚಿಕೊಂಡು ನಗತೊಡಗಿದಳು. ಅವಳದು ನೂರು ಹಕ್ಕಿಯಂತೆ. ಬೆಂಚಿನ ಮೇಲಿದ್ದ ಒಬ್ಬ ಹಿರಿಯರು ಕೈಯೆತ್ತಿ ತಮ್ಮದು ಅರವತ್ತು ಎಂದರು. ಅವರ ಪಕ್ಕದ ಹೆಂಗಸು, ತನ್ನ ಅಳಿಯ ಮುನ್ನೂರು ತಂದಿದ್ದನೆಂದೂ ಅವನನ್ನು ಇನ್ನೂ ಕ್ಷಮಿಸಿಲ್ಲವೆಂದೂ ಹೇಳಿದಳು. ಹದಿನೆಂಟು ವರ್ಷದಲ್ಲಿ ನಾನು ನೈರೋಬಿಯವನು ಎಂದು ನನಗೆ ಪೂರ್ತಿಯಾಗಿ ಅನಿಸಿದ್ದು ಆ ಬೆಂಚಿನ ಮುಂದೆಯೇ.

ನಗು ಮುಗಿದ ಮೇಲೆ ನನ್ನ ಕೆಲಸ ಹೇಳಿದೆ. ಹಿಂದಿನ ಎರಡು ವರ್ಷದ ವಿವರದಲ್ಲಿ ಬಾಂಡಿನ ಬಡ್ಡಿ ಬಿಟ್ಟುಹೋಗಿದೆ, ಅದನ್ನು ಸೇರಿಸಬೇಕು ಎಂದೆ. ಮಾಮಾ ಶೀರೊ ಹೋದ ವರ್ಷದ್ದನ್ನು ತೆರೆದಳು, ಕೆಳಗೆ ಕೆಳಗೆ ಸರಿಸಿದಳು, ಆಮೇಲೆ ಕನ್ನಡಕ ಏರಿಸಿ ಪರದೆಯನ್ನು ನನ್ನ ಕಡೆ ತಿರುಗಿಸಿದಳು. "ಇದು ಏನು ಮತ್ತೆ?" ತೆರಿಗೆ ವಿನಾಯಿತಿಯ ಆದಾಯ ಎಂಬ ಕಾಲಮ್ಮಿನಲ್ಲಿ ನನ್ನ ಬಾಂಡಿನ ಬಡ್ಡಿ ಕೂತಿತ್ತು. ಎರಡು ಕಂತೂ ಕೂಡಿಸಿ, ಸೆಂಟ್ ಸಮೇತ. ಅದರ ಹಿಂದಿನ ವರ್ಷದ್ದನ್ನು ತೆರೆಸಿದೆ. ಅದರಲ್ಲಿಯೂ ಇತ್ತು. "ಇದನ್ನು ತುಂಬಿದವರು ಯಾರು?" ಎಂದಳು. ನನ್ನ ಹೆಂಡತಿ ಎಂದೆ. "ಅವಳಿಗೆ ಗೊತ್ತಾಗಬಾರದು ಅಂತ ನೀನು ನನ್ನ ಹತ್ತಿರ ಬಂದೆಯಾ?" ಎಂದಳು. ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ಕಿವಿ ನಿಮಿರಿಸಿದರು. ನಾನು ಪರ್ಸು ತೆಗೆದೆ. ಅವಳು ನನ್ನ ಖಾತೆಯನ್ನು ಮುಚ್ಚಿ, ದುಡ್ಡು ಕೊಡಹೋದ ಕೈಯನ್ನು ಹಿಂದಕ್ಕೆ ತಳ್ಳಿ, "ಪೋಲೆ ಸಾನಾ ಮ್ಜೇ, ಬೇಸರ ಮಾಡಿಕೊಳ್ಳಬೇಡ. ಇದು ಕಂಪ್ಯೂಟರಿನ ಕೆಲಸವಲ್ಲ, ಮನೆಗೆ ಹೋಗು" ಎಂದಳು. ಮುನ್ನೂರು ಹಕ್ಕಿಯ ಅತ್ತೆ ನನ್ನನ್ನು ತನ್ನ ಅಳಿಯನೋ ಎಂಬಂತೆ ನೋಡುತ್ತಿದ್ದಳು.

ಕಾಲು ಮನೆಯ ಕಡೆಗೆ ಏಳಲಿಲ್ಲ. ಪಕ್ಕದ ಬೀದಿಯಲ್ಲಿ ಆಲೂಗಡ್ಡೆ ಭಜಿಯಾದ ಅಂಗಡಿ ಇತ್ತು, ಒಳಗೆ ಹೋಗಿ ಕೂತೆ. ಸಕ್ಕರೆ ಕಾಯಿಲೆಯ ಗಡಿಯಲ್ಲಿದ್ದೀರಿ, ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ಏನಾದರೂ ಬೇಕಲ್ಲ. ಕಾರ್ಡು ಕೊಟ್ಟು ಒಂದು ಪ್ಲೇಟು ತರಿಸಿದೆ. ತಿನ್ನುತ್ತಾ ಯೋಚಿಸಿದೆ. ಎರಡು ವರ್ಷದಿಂದ ಅವಳಿಗೆ ಗೊತ್ತು. ಹೇಗೆ ಗೊತ್ತು? ಗೊತ್ತಿದ್ದೂ ಯಾಕೆ ಸುಮ್ಮನಿದ್ದಳು? ಎರಡು ವರ್ಷ ಪ್ರತಿ ದಿನ ಬೆಳಿಗ್ಗೆ ಆರೂವರೆಗೆ, ಗಂಡ ದುಡ್ಡು ಬಚ್ಚಿಟ್ಟಿದ್ದಾನೆ ಎಂದು ತಿಳಿದುಕೊಂಡೇ ಮಟಾಟು ಹತ್ತಿದ್ದಾಳೆ, ಸಾಯಂಕಾಲ ಬಂದು ನನಗೆ ಕಾಫಿ ಕೊಟ್ಟಿದ್ದಾಳೆ. ನನ್ನ ಬಗ್ಗೆ ಏನೆಂದುಕೊಂಡಿರಬಹುದು? ನನಗೆ ನಿಜವಾಗಿಯೂ ನಾಚಿಕೆಯಾಯಿತು, ಕಣ್ಣು ಮಂಜಾಯಿತು. ಖಾರದ ಟೊಮೆಟೊ ಚಟ್ನಿಯ ಪ್ರಭಾವವೂ ಸ್ವಲ್ಪ ಇದ್ದಿರಬಹುದು. ಒಟಿಯೆನೊ ಬರೆಯದೆ ಬಿಟ್ಟದ್ದು ಬರೀ ಸೊನ್ನೆ. ನಾನು ಬಿಟ್ಟದ್ದು ಇಡೀ ಕಾಲಮ್ಮು. ಯೋಚನೆ ಮುಗಿಯುವ ಮೊದಲೇ ಪ್ಲೇಟು ಮುಗಿಯಿತು, ಮತ್ತೆ ಕಾರ್ಡು ಕೊಟ್ಟು ಇನ್ನೊಂದು ಪ್ಲೇಟು ತರಿಸಿದೆ. ಅದು ಮುಗಿಯುವ ಹೊತ್ತಿಗೆ ಮನೆಗೆ ಹೋಗಿ ಹೇಳಿಬಿಡುವುದೇ ಸರಿ ಎಂದು ಧೈರ್ಯ ಬಂತು.

ಮನೆಗೆ ಬಂದಾಗ ಮಧ್ಯಾಹ್ನ. ಊಟದ ಮೇಜು ಒರೆಸಿತ್ತು, ಫೈಲುಗಳು ಆಗಲೇ ಹರಡಿದ್ದವು. ಭಾನುವಾರದ ಕೆಲಸವನ್ನು ಅವಳು ಶನಿವಾರವೇ ಎತ್ತಿಕೊಂಡಿದ್ದಳು. ಪೂರ್ವಿ ಸೋಫಾದ ಮೇಲೆ ಕಾಲು ಚಾಚಿಕೊಂಡು ಫೋನು ನೋಡುತ್ತಿದ್ದಳು. ವಾರಿಜಾ ನನ್ನ ನೆತ್ತಿ ನೋಡಿದಳು.

"ಹೇರ್‌ಕಟ್ ಆಯ್ತಾ?"

"ತುಂಬಾ ರಶ್ ಇತ್ತು. ವಾಪಸ್ ಬಂದೆ."

"ಅಂಗಿ ಮೇಲೆ ಚಟ್ನಿ ಬಿದ್ದಿದೆ. ಭಜಿಯಾ ತಿಂದ್ರಾ?"

"ಒಂದೇ ಪ್ಲೇಟು ಕಣೆ" ಎಂದೆ.

ಅವಳು ಕಂಪ್ಯೂಟರಿನ ಕಡೆ ತಿರುಗಿದಳು. ಇನ್ನು ಕಾಯಬಾರದೆಂದು ನಾನು ನಿಂತ ಕಾಲಿನಲ್ಲೇ ಶುರುಮಾಡಿದೆ. "ವಾರಿಜಾ, ನಿಂಗೊಂದು ವಿಷಯ ಹೇಳಿಲ್ಲ ನಾನು. ಮೂರು ವರ್ಷದ ಹಿಂದೆ ಬೋನಸ್ ದುಡ್ಡಲ್ಲಿ ಸರ್ಕಾರದ ಬಾಂಡ್ ತಗೊಂಡೆ. ಬಡ್ಡಿ ಬರ್ತಾ ಇದೆ. ಹೇಳ್ಬೇಕಿತ್ತು. ಹೇಳ್ಲಿಲ್ಲ. ತಪ್ಪಾಯ್ತು" ಎಂದೆ. ಸೋಫಾದ ಮೇಲಿಂದ ಪೂರ್ವಿ ಫೋನಿನಿಂದ ಕಣ್ಣೆತ್ತದೆ "ಫೈನಲೀ!" ಎಂದಳು. ವಾರಿಜಾ ಕುರ್ಚಿ ಹಿಂದಕ್ಕೆ ಸರಿಸಿ ಕೂತಳು. ಕೋಪವಿದೆಯೋ ಇಲ್ಲವೋ ಮುಖ ನೋಡಿ ಹೇಳುವಂತಿರಲಿಲ್ಲ. ತನ್ನ ಫೋನು ತೆಗೆದು ನನ್ನ ಮುಂದಿಟ್ಟಳು. ಬ್ಯಾಂಕಿನಿಂದ ಬಂದ ಸಂದೇಶಗಳ ಸಾಲು. "ನಾವಿಲ್ಲಿಗೆ ಬಂದ ಹೊಸದ್ರಲ್ಲಿ ಮಟಾಟುನಲ್ಲಿ ನಿಮ್ ಫೋನ್ ಹೊಡೆದ್ರಲ್ಲ, ಜ್ಞಾಪಕ ಇದೆಯಾ? ಬ್ಯಾಂಕ್‌ನಲ್ಲಿ ನನ್ ನಂಬರ್ ಕೊಟ್ಟಿದ್ರಿ. ಅದನ್ನ ಬದಲಾಯಿಸ್ಬೇಕು ಅಂತ ನಿಮಗೆ ಹದಿನೆಂಟು ವರ್ಷದಲ್ಲಿ ಹೊಳೀಲಿಲ್ಲ. ಬಡ್ಡಿ ಬಂದ ಮೊದಲನೇ ದಿನಾನೇ ನಂಗೆ ಮೆಸೇಜ್ ಬಂತು, ಸ್ಟಾಫ್‌ರೂಮಲ್ಲಿ ಕೂತಿದ್ದೆ" ಎಂದಳು.

"ಮತ್ತೆ ಕೇಳ್ಬಾರ್ದಿತ್ತಾ?"

"ಹೇಳೋದು ನಿಮ್ ಕೆಲಸ ರೀ. ಕೇಳೋದು ನನ್ ಕೆಲಸ ಅಲ್ಲ." ಫೈಲನ್ನು ಹತ್ತಿರ ಎಳೆದುಕೊಂಡು, "ಫಾರಮ್‌ನಲ್ಲಿ ತುಂಬಿದ್ದು ನಾನೇ. ಟ್ಯಾಕ್ಸ್ ಇಲ್ಲ ಅಂತ ಮುಚ್ಚಿಡಕ್ಕಾಗುತ್ತಾ? ನಾಳೆ ಆ ದುಡ್ಡಲ್ಲಿ ಏನಾದ್ರೂ ತಗೊಂಡ್ರೆ ಎಲ್ಲಿಂದ ಬಂತು ಅಂತ ಕೇಳಲ್ವಾ? ಪ್ರತಿ ವರ್ಷ ಕಾಫಿ ಕೊಟ್ಟು ಪಕ್ಕದಲ್ಲಿ ನಿಂತ್ಕೊತಿದ್ರಿ, ಈಗ ಹೇಳ್ತೀರಿ, ಈಗ ಹೇಳ್ತೀರಿ ಅಂತ ನಾನೂ ಕಾಯ್ತಿದ್ದೆ. ಪ್ರಭು ಜೊತೆ ಸೇರ್ಕೊಂಡು ಇನ್ನೇನೋ ಶುರು ಮಾಡಕ್ಕೆ ಕೂಡಿಡ್ತಿದ್ದೀರಿ ಅಂದ್ಕೊಂಡಿದ್ದೆ. ಈ ಸಲ ಅವಕಾಡೊ ತೋಟನೋ ಏನೋ ಅಂತ. ಪ್ರತಿ ಸಲ ಮೆಸೇಜ್ ಬಂದಾಗ ಆ ಹಕ್ಕಿಗಳೇ ಜ್ಞಾಪಕ ಬರ್ತಿದ್ವು" ಎಂದಳು. ಕೊನೆಯ ಮಾತು ಹೇಳುವಾಗ ಅವಳ ಧ್ವನಿ ಸಣ್ಣದಾಯಿತು. ಹನ್ನೆರಡು ವರ್ಷದ ಹಿಂದೆ ಕೂಗಾಡದೆ ಉಳಿಸಿಟ್ಟಿದ್ದೆಲ್ಲ ಅದರಲ್ಲಿತ್ತು.

"ತೋಟ ಅಲ್ಲ ಕಣೆ. ಕಾರು. ನಿನ್ ಕಾರು. ಬಡ್ಡಿ ಒಂದು ಪೈಸೆ ಮುಟ್ಟಿಲ್ಲ. ಇನ್ನೊಂದು ವರ್ಷ ಆದ್ರೆ ಸಾಕಾಗುತ್ತೆ. ಬಿಳೀ ಬಣ್ಣದ್ದು ಅಂತಿದ್ದೆಯಲ್ಲ" ಎಂದೆ.

ಇದು ಅವಳಿಗೆ ಗೊತ್ತಿರಲಿಲ್ಲ. ಬ್ಯಾಂಕು ಎಲ್ಲವನ್ನೂ ಹೇಳುತ್ತದೆ, ಯಾಕೆ ಎಂಬುದನ್ನು ಹೇಳುವುದಿಲ್ಲ. ವಾರಿಜಾ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು, ತುಂಬಾ ಹೊತ್ತು ಕೇಳಿಸಿತು, ಪಾತ್ರೆ ತೊಳೆಯುವ ಸದ್ದು ಮಾತ್ರ ಬರಲಿಲ್ಲ. ಪೂರ್ವಿ ಈಗ ಫೋನು ಕೆಳಗಿಟ್ಟಿದ್ದಳು. "ಅಪ್ಪ, ಯು ಶುಡ್ ಹ್ಯಾವ್ ಸ್ಟಾರ್ಟೆಡ್ ವಿತ್ ದಟ್" ಎಂದು ಮೆಲ್ಲಗೆ ಹೇಳಿದಳು. ಸ್ವಲ್ಪ ಹೊತ್ತಿನ ಮೇಲೆ ವಾರಿಜಾ ಸೆರಗಿನಿಂದ ಮುಖ ಒರೆಸಿಕೊಂಡು ಬಂದು, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. ಉಳಿದದ್ದೆಲ್ಲ ತುಂಬಿತ್ತು. ಆ ಒಂದು ಕಾಲಮ್ಮು ಖಾಲಿ ಇತ್ತು. "ಈ ಸಲ ಬೇಕೂಂತಲೇ ಬಿಟ್ಟಿದ್ದೆ. ನೀವೇ ತುಂಬಿ" ಎಂದಳು. ನಾನು ಬೆರಳಿನಲ್ಲಿ ಒಂದೊಂದೇ ಅಂಕಿ ಒತ್ತಿದೆ. ಅವಳು ಹೆಗಲ ಮೇಲಿಂದ ಬಗ್ಗಿ ನೋಡಿ, ಒಂದು ಸೊನ್ನೆ ಜಾಸ್ತಿಯಾಗಿದೆ, ತೆಗೀರಿ ಎಂದಳು. ತೆಗೆದೆ. ಆಮೇಲೆ ನಾನು ಹೋಗಿ ಕಾಫಿ ಮಾಡಿಕೊಂಡು ಬಂದೆ. ಮೂರು ಲೋಟ ಕಾಫಿ ಆ ಮೇಜಿನ ಸುತ್ತ ಕುಡಿದದ್ದು ನನಗೆ ಬಹಳ ದಿನ ನೆನಪಿರುತ್ತದೆ. ಕಾರಿನ ಬಣ್ಣ ಈಗ ಬಿಳಿಯಲ್ಲ, ಬಿಳಿಯಾದರೆ ಮೊಂಬಾಸಾ ರಸ್ತೆಯ ಧೂಳಿಗೆ ನಾಲ್ಕು ದಿನ ಬಾಳುವುದಿಲ್ಲ, ನೀಲಿ ಎಂದು ನಿರ್ಧಾರವಾಯಿತು.

ಭಾನುವಾರ ಬೆಳಿಗ್ಗೆ ನಾನು ಹಗುರಾಗಿ ಎದ್ದೆ. ನೀರು ಕುಡಿಯಲು ಅಡುಗೆಮನೆಗೆ ಹೋದವನಿಗೆ, ಈ ಸಲ ಕಳ್ಳತನವಿಲ್ಲದೆ, ಸುಮ್ಮನೆ ಕ್ಯಾಲೆಂಡರು ತಿರುಗಿಸಿ ನೋಡಬೇಕೆನಿಸಿತು. ನನ್ನ ಹೆಸರಿನ ಮುಂದೆ ಕ್ವಾರೆಯನ್ನೂ ಇನ್ನೂರ ನಲವತ್ತನ್ನೂ ಒಂದೇ ಗೆರೆಯಲ್ಲಿ ಹೊಡೆದುಹಾಕಿದ್ದಳು. ಟೀಚರು ತಪ್ಪು ಹೊಡೆಯುವ ಕೆಂಪು ಪೆನ್ನಿನ ಗೆರೆ. ಹನ್ನೆರಡು ವರ್ಷದ ಹಕ್ಕಿಗಳು ಕೊನೆಗೂ ನನ್ನ ಹೆಸರು ಬಿಟ್ಟು ಹಾರಿಹೋದವು ಎಂದುಕೊಂಡೆ. ಅದರ ಕೆಳಗೆ ಹೊಸ ಪಾಸ್‌ವರ್ಡ್ ಬರೆದಿತ್ತು. ಕನ್ನಡಕ ತಂದು ಓದಿದೆ. ಭಜಿಯಾ, ಅದರ ಪಕ್ಕ ಎರಡು, ಕೊನೆಯಲ್ಲಿ ಅದೇ ಆಶ್ಚರ್ಯಸೂಚಕ ಚಿಹ್ನೆ. ಹಿಂದಿನ ದಿನ ಅವಳು ನನ್ನ ಮುಂದಿಟ್ಟ ಫೋನಿನಲ್ಲಿ, ಬಡ್ಡಿಯ ಸಂದೇಶಗಳ ಮೇಲೆ, ನ್ಗಾರಾದ ಭಜಿಯಾ ಅಂಗಡಿಯಲ್ಲಿ ನಾನು ಎರಡು ಸಲ ಕಾರ್ಡು ಕೊಟ್ಟದ್ದರ ಎರಡು ಸಂದೇಶಗಳೂ ಇದ್ದವೆಂಬುದು ನನಗೆ ಆಗ ಹೊಳೆಯಿತು.